ಯುದ್ಧವಿರೋಧಿ ಕವಿತೆನ ಬೇರೆ ಬೇರೆ ರೀತಿ ಓದೋದು ಹೇಗೆ? ಓವೆನ್ ಕವಿತೆ ಇಟ್ಕೊಂಡು ಒಂದು ಮಾರ್ಗದರ್ಶಿ

ಪದೇ ಪದೇ ಬರೋ ಪ್ರಶ್ನೆ ಇದು. ಬಿಎ, ಎಂಎ ಓದ್ತಿರೋರು ಕೇಳ್ತಾರೆ, ನೆಟ್ ಪರೀಕ್ಷೆಗೆ ತಯಾರಾಗ್ತಿರೋರು ಕೇಳ್ತಾರೆ, ಪರೀಕ್ಷೆ ಗಿರೀಕ್ಷೆ ಏನೂ ಇಲ್ದೆ ಕವಿತೆ ಇಷ್ಟ ಅಂತ ಓದೋರೂ ಕೇಳ್ತಾರೆ. "ಯುದ್ಧ ಕೆಟ್ಟದ್ದು ಅಂತ ಕವಿ ಹೇಳಿದಾನೆ, ಅರ್ಥ ಆಯ್ತು, ಅದರಲ್ಲಿ ಇನ್ನು ಬೇರೆ ಬೇರೆ ಅರ್ಥ ಎಲ್ಲಿಂದ ಬರತ್ತೆ? ಬಂದ್ರೂ ಯಾವ್ದು ಸರಿ?" ಅಂತ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ರ ಕೊಡೋ ಬದ್ಲು ಒಂದೇ ಕವಿತೆ ತಗೊಂಡು ಮೊದಲಿಂದ ಕೊನೇವರೆಗೂ ಮಾಡಿ ತೋರಿಸೋದು ವಾಸಿ ಅನ್ನಿಸ್ತು.

ಕವಿತೆ ಇಂಗ್ಲಿಷ್ ಸೈನಿಕ ಕವಿ ವಿಲ್ಫ್ರೆಡ್ ಓವೆನ್ ಬರೆದ 'ಡಲ್ಚೆ ಎಟ್ ಡೆಕೋರಮ್ ಎಸ್ಟ್'. ಮೊದಲನೇ ಮಹಾಯುದ್ಧದ ಬಗ್ಗೆ ಇಂಗ್ಲಿಷಲ್ಲಿ ಬಂದ ಕವಿತೆಗಳಲ್ಲಿ ಪಾಠಕ್ಕೆ ಅಂತ ಅತಿ ಹೆಚ್ಚು ಇಡೋ ಕವಿತೆಗಳಲ್ಲಿ ಇದೂ ಒಂದು. ಎಲ್ಲರೂ ಓದಿರ್ತಾರೆ, ಆದ್ರೆ ಮುಕ್ಕಾಲು ಪಾಲು ಜನ ಒಂದೇ ರೀತಿ ಓದಿ ಬಿಟ್ಬಿಟ್ಟಿರ್ತಾರೆ, ಅದಕ್ಕೇ ಇದನ್ನೇ ಆರಿಸ್ಕೊಂಡೆ.

ಶುರುಗೆ ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ. ಒಂದು ಕವಿತೆಗೆ ಹಲವು ಅರ್ಥ ಇರಬಹುದು ಅಂದ್ರೆ ಯಾರು ಏನು ಹೇಳಿದ್ರೂ ಸರಿ ಅಂತಲ್ಲ. ಒಂದೊಂದು ಓದೂ ಕವಿತೆಗೆ ಒಂದೊಂದು ಬೇರೆ ಪ್ರಶ್ನೆ ಕೇಳತ್ತೆ, ಉತ್ರ ಮಾತ್ರ ಕವಿತೆಯ ಸಾಲಲ್ಲೇ ಸಿಗ್ಬೇಕು. ಸಾಲು ತೋರಿಸೋಕಾಗದೇ ಇರೋ ಅರ್ಥ ನಿಮ್ಮ ಅಭಿಪ್ರಾಯ ಅಷ್ಟೇ, ಅದು ಕವಿತೆಯ ಓದು ಆಗಲ್ಲ.

ಏನೇನು ಬೇಕು

ಕವಿತೆಯ ಪೂರ್ತಿ ಪಠ್ಯ ಬೇಕು, 28 ಸಾಲು. ಓವೆನ್ ತೀರ್ಕೊಂಡು ನೂರು ವರ್ಷ ದಾಟಿದೆ, ಕಾಪಿರೈಟ್ ಇಲ್ಲ, ಎಲ್ಲಿ ಬೇಕಾದ್ರೂ ಸಿಗತ್ತೆ. ಪ್ರಿಂಟ್ ತಗೊಳ್ಳಿ, ಫೋನ್ ಸ್ಕ್ರೀನಲ್ಲಿ ಈ ಕೆಲಸ ಆಗಲ್ಲ, ಅಂಚಲ್ಲಿ ಬರ್ಕೊಳ್ಳೋಕೆ ಜಾಗ ಬೇಕು. ಒಂದು ಪೆನ್ಸಿಲ್, ಒಂದು ಡಿಕ್ಷನರಿ, ಅಡೆತಡೆ ಇಲ್ಲದ ಒಂದೆರಡು ಗಂಟೆ.

ಇಲ್ಲೇ ಮೊದಲನೇ ಎಚ್ಚರಿಕೆ. ಈ ಕವಿತೆ ಓವೆನ್ ಬದುಕಿದ್ದಾಗ ಅಚ್ಚಾಗಲಿಲ್ಲ, 1920ರಲ್ಲಿ ಹೊರಗೆ ಬಂತು, ಹಸ್ತಪ್ರತಿಗಳು ಒಂದಕ್ಕಿಂತ ಹೆಚ್ಚಿವೆ. ಹಾಗಾಗಿ 8ನೇ ಸಾಲು ಎಲ್ಲಾ ಪುಸ್ತಕದಲ್ಲೂ ಒಂದೇ ಥರ ಇರಲ್ಲ. ಕೆಲವದರಲ್ಲಿ ಸೈನಿಕರ ಹಿಂದೆ ಮೆಲ್ಲಗೆ ಬೀಳೋ ಗ್ಯಾಸ್ ಶೆಲ್‌ಗಳು ಅಂತಿರತ್ತೆ, ಕೆಲವದರಲ್ಲಿ ದಣಿದು ಹಿಂದೆ ಉಳಿದ 'ಫೈವ್-ನೈನ್'ಗಳು ಅಂತಿರತ್ತೆ (5.9 ಇಂಚು ವ್ಯಾಸದ ಜರ್ಮನ್ ಫಿರಂಗಿ ಗುಂಡಿಗೆ ಸೈನಿಕರು ಕರೀತಿದ್ದ ಹೆಸರು). ಪಕ್ಕದಲ್ಲಿರೋರ ಪುಸ್ತಕದಲ್ಲಿ ಬೇರೆ ಇದೆ ಅಂತ ಗಾಬರಿ ಬೀಳ್ಬೇಡಿ, ನಿಮ್ಮ ಸಿಲಬಸ್‌ನ ಪಠ್ಯ ಯಾವುದೋ ಅದನ್ನೇ ಹಿಡ್ಕೊಳ್ಳಿ.

ಕೆಲವು ಪಾರಿಭಾಷಿಕ ಪದಗಳು ಬರ್ತವೆ. 'ಕ್ಲೋಸ್ ರೀಡಿಂಗ್' ಅಂದ್ರೆ ಹೊರಗಿನ ಮಾಹಿತಿ ಏನೂ ತರದೆ ಪಠ್ಯದ ಒಂದೊಂದೇ ಪದ, ಚಿತ್ರ, ಲಯ ನೋಡ್ತಾ ಹೋಗೋದು. 'ಸ್ಪೀಕರ್' ಅಂದ್ರೆ ಕವಿತೆಯೊಳಗೆ ಮಾತಾಡ್ತಿರೋ ದನಿ, ಅದು ಕವಿಯೇ ಆಗಿರಬೇಕು ಅಂತಿಲ್ಲ. 'ಶೆಲ್ ಶಾಕ್' ಅಂದ್ರೆ ಯುದ್ಧದ ಆಘಾತಕ್ಕೆ ಮನಸ್ಸು ಮುರಿದುಹೋಗೋ ಸ್ಥಿತಿಗೆ ಆ ಕಾಲದಲ್ಲಿ ಇಟ್ಟಿದ್ದ ಹೆಸರು.

1. ಮೊದ್ಲು ಏನಾಗ್ತಿದೆ ಅಂತ ನೋಡಿ

ಅರ್ಥಕ್ಕೆ ಹಾರ್ಬೇಡಿ. ಕವಿತೇಲಿ ಏನು ನಡೀತು ಅಂತ ನಿಮ್ಮ ಮಾತಲ್ಲಿ ಕನ್ನಡದಲ್ಲೇ ಬರೀರಿ. ಸೈನಿಕರ ಗುಂಪೊಂದು ಯುದ್ಧದ ಮುಂಚೂಣಿಯಿಂದ ವಿಶ್ರಾಂತಿ ಜಾಗಕ್ಕೆ ವಾಪಸ್ ಹೋಗ್ತಿದೆ. ಮೂಟೆ ಹೊತ್ತ ಮುದಿ ಭಿಕ್ಷುಕರ ಥರ ಬೆನ್ನು ಬಗ್ಗಿದೆ, ಕೆಮ್ಮು, ಕಾಲ ಕೆಳಗೆ ಕೆಸರು, ಎಷ್ಟೋ ಜನಕ್ಕೆ ಬೂಟಿಲ್ಲ, ಪಾದಕ್ಕೆ ಮೆತ್ತಿರೋ ರಕ್ತವೇ ಪಾದರಕ್ಷೆ. ಇದ್ದಕ್ಕಿದ್ದಂಗೆ ಗ್ಯಾಸ್. ಎಲ್ಲರೂ ತಡಕಾಡ್ಕೊಂಡು ಮಾಸ್ಕ್ ಹಾಕ್ಕೋತಾರೆ, ಒಬ್ಬನಿಗೆ ಆಗಲ್ಲ. ಬೆಂಕಿಗೋ ಸುಣ್ಣಕ್ಕೋ ಬಿದ್ದವನ ಥರ ಅವನು ಒದ್ದಾಡೋದನ್ನ ಸ್ಪೀಕರ್ ಮಾಸ್ಕಿನ ಗಾಜಿನ ಹಿಂದಿನಿಂದ ನೋಡ್ತಾನೆ, ಹಸಿರು ಸಮುದ್ರದಲ್ಲಿ ಮುಳುಗ್ತಿರೋನ ಥರ ಕಾಣ್ತಾನೆ. ಆಮೇಲೆ ಎರಡೇ ಸಾಲು, ನನ್ನ ಕನಸಲ್ಲೆಲ್ಲಾ ಅವನು ನನ್ನ ಕಡೆಗೆ ನುಗ್ಗಿ ಬರ್ತಾನೆ ಅಂತ. ಕೊನೇ 12 ಸಾಲು "ನೀನೂ ಇದನ್ನ ನೋಡಿದ್ರೆ, ಕೇಳಿದ್ರೆ, ಮಕ್ಕಳಿಗೆ ಆ ಹಳೇ ಸುಳ್ಳನ್ನ ಹೇಳ್ತಿರಲಿಲ್ಲ" ಅಂತ ಯಾರಿಗೋ ಹೇಳೋ ಮಾತು.

ಆ ಸುಳ್ಳು ಲ್ಯಾಟಿನ್‌ನಲ್ಲಿದೆ, ರೋಮನ್ ಕವಿ ಹೊರೇಸ್‌ನದ್ದು. ದೇಶಕ್ಕಾಗಿ ಸಾಯೋದು ಸಿಹಿ, ಅದೇ ಯೋಗ್ಯ ಅಂತ ಅದರ ಅರ್ಥ, ಕವಿತೆಯ ಹೆಸರು ಆ ಸಾಲಿನ ಮೊದಲ ಭಾಗ. ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಲ್ಯಾಟಿನ್ ಕಲಿತ ಹುಡುಗ್ರಿಗೆ ಅದು ಚಿರಪರಿಚಿತ ಸಾಲು. ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜಿನ ಚಾಪೆಲ್ ಗೋಡೆ ಮೇಲೆ 1913ರಲ್ಲಿ ಅದನ್ನ ಕೆತ್ತಿಸಿದ್ರು, ಅಂದ್ರೆ ಯುದ್ಧ ಶುರುವಾಗೋ ಹಿಂದಿನ ವರ್ಷ.

ಸಾಮಾನ್ಯವಾಗಿ ಆಗೋ ತಪ್ಪು ಏನಂದ್ರೆ ಈ ಹಂತವನ್ನೇ ವ್ಯಾಖ್ಯಾನ ಅಂದ್ಕೊಂಡು ಉತ್ರ ಪತ್ರಿಕೇಲಿ ಎರಡು ಪುಟ ಸಾರಾಂಶ ಬರೆದು ಬರೋದು. ಇದು ಅಡಿಪಾಯ ಮಾತ್ರ.

2. ಯಾರು ಯಾರಿಗೆ ಹೇಳ್ತಿದಾರೆ ಅಂತ ಗುರುತು ಹಾಕಿ

ಪೆನ್ಸಿಲ್ ತಗೊಂಡು 'ನಾವು', 'ನಾನು', 'ನೀನು' ಅನ್ನೋ ಅರ್ಥ ಬರೋ ಪದಗಳಿಗೆಲ್ಲಾ ಸುತ್ತು ಹಾಕಿ. ಮೊದಲನೇ ಭಾಗ ಪೂರ್ತಿ 'ನಾವು'. ಗ್ಯಾಸ್ ಬಂದಾಗ 'ನಾನು' ಒಂದೇ ಒಂದ್ಸಲ ಬರತ್ತೆ, ಅವನು ಮುಳುಗೋದನ್ನ ನಾನು ನೋಡ್ದೆ ಅನ್ನೋ ಕಡೆ. ಕೊನೇಲಿ 'ನೀನು', ಅದರ ಜೊತೆ 'ಗೆಳೆಯಾ' ಅನ್ನೋ ಕರೆ. ಗುಂಪಿಂದ ಒಂಟಿ ಮನುಷ್ಯ, ಅಲ್ಲಿಂದ ಓದುಗನ ಮುಖಕ್ಕೆ ಬೆರಳು ತೋರಿಸೋದು, ಕವಿತೆ ನಡೆಯೋ ದಾರಿ ಇದು.

ಈಗ 'ಗೆಳೆಯಾ' ಯಾರು? ಒಂದು ಹಸ್ತಪ್ರತೀಲಿ ಓವೆನ್ 'ಜೆಸ್ಸಿ ಪೋಪ್ ಮುಂತಾದವರಿಗೆ' ಅಂತ ಬರೆದಿದ್ದ, ಇನ್ನೊಂದ್ರಲ್ಲಿ 'ಒಬ್ಬ ಕವಯಿತ್ರಿಗೆ' ಅಂತ. ಜೆಸ್ಸಿ ಪೋಪ್ ಯುದ್ಧವನ್ನ ಆಟಕ್ಕೆ ಹೋಲಿಸಿ, ಹುಡುಗ್ರೇ ಸೈನ್ಯ ಸೇರಿ ಅಂತ ಹುರಿದುಂಬಿಸೋ ಪದ್ಯ ಬರೀತಿದ್ದವರು. ಕೊನೆಗೆ ಆ ಅರ್ಪಣೆ ತೆಗೆದುಹಾಕಿದ. ಇಲ್ಲಿ ನೀವು ಒಂದು ತೀರ್ಮಾನ ತಗೋಬೇಕು. ಅರ್ಪಣೆ ಗಣನೆಗೆ ತಗೊಂಡ್ರೆ ಕವಿತೆ ಒಬ್ಬ ವ್ಯಕ್ತಿ ಜೊತೆ ಜಗಳ ಆಗತ್ತೆ. ಅದನ್ನ ತೆಗೆದಿದ್ದೇ ಮುಖ್ಯ ಅಂದ್ರೆ ಆ ಸುಳ್ಳನ್ನ ಹೇಳೋ ಮೇಷ್ಟ್ರು, ಪಾದ್ರಿ, ಪತ್ರಿಕೆ, ಅಪ್ಪ ಅಮ್ಮ, ಓದ್ತಿರೋ ನೀವು, ಎಲ್ಲರೂ ಆ 'ಗೆಳೆಯಾ' ಒಳಗೆ ಬರ್ತೀರಿ. ನನಗೆ ಎರಡನೇದೇ ಬಲವಾಗಿ ಕಾಣತ್ತೆ. ಹೆಸರು ತೆಗೆದಿದ್ರಿಂದ ಕವಿತೆ ಮೃದು ಆಗಲಿಲ್ಲ, ಅದರ ಗುರಿ ದೊಡ್ಡದಾಯ್ತು.

3. ರೂಪ ನೋಡಿ, ಆದ್ರೆ ಹೆಸರು ಹೇಳಿ ನಿಲ್ಲಿಸ್ಬೇಡಿ

'ಇದು ಐಯಾಂಬಿಕ್ ಪೆಂಟಾಮೀಟರ್‌ನಲ್ಲಿದೆ' ಅಂತ ಬರೆದು ಮುಂದೆ ಹೋಗೋರು ಜಾಸ್ತಿ. (ಸಾಲಿಗೆ ಹತ್ತು ಅಕ್ಷರದುಚ್ಚಾರ, ಒಂದು ಬಿಟ್ಟು ಒಂದಕ್ಕೆ ಒತ್ತು ಬರೋ ಇಂಗ್ಲಿಷ್ ಛಂದಸ್ಸು ಅದು.) ಹೆಸರು ಹೇಳೋದ್ರಿಂದ ಏನೂ ಸಿಗಲ್ಲ, ಅದು ಎಲ್ಲಿ ಮುರಿಯತ್ತೆ ಅಂತ ನೋಡಿ. ಮೊದಲ ಸಾಲುಗಳನ್ನ ಜೋರಾಗಿ ಓದಿದ್ರೆ ಲಯ ಕುಂಟತ್ತೆ, ಕುಂಟೋ ಸೈನಿಕರ ಥರಾನೇ. ಗ್ಯಾಸ್ ಅನ್ನೋ ಕೂಗು ಬಂದಲ್ಲಿ ಸಾಲು ಚೂರುಚೂರಾಗತ್ತೆ. ಕಟ್ಟಕಡೇ ಸಾಲು ಲ್ಯಾಟಿನ್‌ನ ಮೂರೇ ಪದ, ಅರ್ಧಕ್ಕೇ ನಿಂತ್ಹೋಗತ್ತೆ.

ಸಾಲುಗಳ ವಿಂಗಡಣೆ 8, 6, 2, 12. ಇಲ್ಲಿ ಎರಡು ಓದು ಸಾಧ್ಯ, ಎರಡಕ್ಕೂ ಆಧಾರ ಇದೆ, ನೋಡಿ. 8+6 ಸೇರಿದ್ರೆ 14, ಉಳಿದಿದ್ದೂ 14, ಅಂದ್ರೆ ಎರಡು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ, ನಮ್ಮಲ್ಲಿ ಸುನೀತ ಅಂತೀವಿ) ಅಕ್ಕಪಕ್ಕ ಇಟ್ಟಂಗಿದೆ. ಪ್ರೇಮಕ್ಕೆ ಅಂತ ಹೆಸರಾದ ಒಂದು ರೂಪದೊಳಗೆ ಈ ಸಾವನ್ನ ತಂದಿಟ್ಟಿದಾನೆ ಅಂತ ವಾದ ಮಾಡಬಹುದು. ಆದ್ರೆ ಪ್ರಾಸ ಹಿಡಿದು ಎಣಿಸಿದ್ರೆ ಲೆಕ್ಕ ಬದಲಾಗತ್ತೆ. 6 ಸಾಲಿನ ಪದ್ಯದ ಕೊನೇ ಎರಡು ಸಾಲಿಗೆ ಪ್ರಾಸ ಸಿಗೋದು ಆಮೇಲಿನ ಆ ಎರಡು ಸಾಲಿನ ಪದ್ಯದಲ್ಲಿ. ಅಂದ್ರೆ ಪ್ರಾಸದ ಪ್ರಕಾರ 8, 8, 12, ಮಧ್ಯದ ಎಂಟನ್ನ ಬೇಕಂತಲೇ ಸೀಳಿ ಖಾಲಿ ಜಾಗ ಬಿಟ್ಟಿದಾನೆ. ಸೀಳಿರೋ ಜಾಗದ ಆ ಕಡೆ ನಡೆದ ಘಟನೆ, ಈ ಕಡೆ ಇವತ್ತಿಗೂ ಬರೋ ಕನಸು, ಕ್ರಿಯಾಪದ ಭೂತಕಾಲದಿಂದ ವರ್ತಮಾನಕ್ಕೆ ಬಂದಿರತ್ತೆ. ಜೊತೆಗೆ ಮುಳುಗೋದು ಅನ್ನೋ ಪದಕ್ಕೆ ಪ್ರಾಸವಾಗಿ ಅದೇ ಪದ ಮತ್ತೆ ಬರತ್ತೆ. ಬೇರೆ ಪದಕ್ಕೆ ಹೋಗೋಕೆ ಸ್ಪೀಕರ್‌ಗೆ ಆಗ್ತಿಲ್ಲ, ಅಲ್ಲೇ ಸಿಕ್ಕಾಕೊಂಡಿದಾನೆ.

4. ಇತಿಹಾಸ ತನ್ನಿ, ಬೇಕಾದಷ್ಟೇ

ಬೇಕಾದ್ದು ಇಷ್ಟು. ಓವೆನ್ 1893ರಲ್ಲಿ ಹುಟ್ಟಿದ, 1915ರ ಅಕ್ಟೋಬರ್‌ನಲ್ಲಿ ತಾನಾಗೇ ಸೈನ್ಯ ಸೇರ್ದ, 1917ರ ಜನವರಿ ಹೊತ್ತಿಗೆ ಫ್ರಾನ್ಸ್‌ನ ಮುಂಚೂಣೀಲಿದ್ದ. ಶೆಲ್ ಶಾಕ್ ಆಗಿ ಎಡಿನ್‌ಬರೋ ಹತ್ರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದ, ಅಲ್ಲಿ ಆಗಸ್ಟ್‌ನಲ್ಲಿ ಇನ್ನೊಬ್ಬ ಸೈನಿಕ ಕವಿ ಸೀಗ್‌ಫ್ರೀಡ್ ಸಸೂನ್ ಪರಿಚಯ ಆಯ್ತು, ಅಕ್ಟೋಬರ್‌ನಲ್ಲಿ ಈ ಕವಿತೆಯ ಕರಡು ಬರೆದು ತಾಯಿಗೆ ಕಳ್ಸಿದ. 1918ರಲ್ಲಿ ಮತ್ತೆ ಯುದ್ಧಕ್ಕೆ ಹೋದ, ನವೆಂಬರ್ 4ರಂದು ಫ್ರಾನ್ಸ್‌ನ ಓರ್ಸ್ ಊರಿನ ಹತ್ರ ಕಾಲುವೆ ದಾಟೋ ಕಾರ್ಯಾಚರಣೇಲಿ ಸತ್ತ, ವಯಸ್ಸು 25. ಸುದ್ದಿ ಮನೆಗೆ ಮುಟ್ಟಿದ್ದು ನವೆಂಬರ್ 11ಕ್ಕೆ, ಯುದ್ಧ ನಿಂತ ದಿನ.

ಗ್ಯಾಸ್ ಬಗ್ಗೆ ಸ್ವಲ್ಪ ತಿಳ್ಕೊಂಡ್ರೆ ಚಿತ್ರಗಳು ಬೇರೆ ಥರ ಕಾಣ್ತವೆ. ಪಶ್ಚಿಮ ರಂಗದಲ್ಲಿ ಜರ್ಮನ್ ಸೇನೆ ಕ್ಲೋರಿನ್ನನ್ನ ದೊಡ್ಡ ಪ್ರಮಾಣದಲ್ಲಿ ಬಿಟ್ಟಿದ್ದು 1915ರ ಏಪ್ರಿಲ್ 22ಕ್ಕೆ, ಬೆಲ್ಜಿಯಂನ ಈಪ್ರ್ ಹತ್ರ. ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಬಣ್ಣದ ಅನಿಲ, ಶ್ವಾಸಕೋಶವನ್ನ ಸುಟ್ಟು ಒಳಗೆ ನೀರು ತುಂಬೋ ಹಾಗೆ ಮಾಡತ್ತೆ. ಹಾಗಾಗಿ ಒಣ ನೆಲದ ಮೇಲೆ ನಿಂತೇ ಮನುಷ್ಯ ಮುಳುಗ್ತಾನೆ. ಹಸಿರು ಸಮುದ್ರ, ಮುಳುಗೋದು, ನೊರೆ ತುಂಬಿ ಕೊಳೆತ ಶ್ವಾಸಕೋಶ, ಇವು ಅಲಂಕಾರಕ್ಕೆ ಅಂತ ತಂದ ಉಪಮೆಗಳಲ್ಲ, ಆಸ್ಪತ್ರೆಯ ವರದಿ ಎಷ್ಟು ನಿಖರ ಇರಬಹುದೋ ಅಷ್ಟು ನಿಖರ. ಗೈಡ್‌ಗಳಲ್ಲಿ 'ಹಸಿರು ಪ್ರಕೃತಿಯ ಸಂಕೇತ' ಅಂತ ಬರೆದಿರ್ತಾರೆ, ದಯವಿಟ್ಟು ಅದನ್ನ ಹಾಗೇ ಇಳಿಸ್ಬೇಡಿ. ಮೊದ್ಲು ವಸ್ತು ಏನು ಅಂತ ತಿಳ್ಕೊಳ್ಳಿ, ಸಂಕೇತ ಆಮೇಲೆ. ಹಾಗೇನೇ ಮೂಲದಲ್ಲಿ ಹೆಲ್ಮೆಟ್ ಅಂತಿದೆ ಅಂತ ಕಬ್ಬಿಣದ ಟೋಪಿ ಅಂದ್ಕೋಬೇಡಿ, ಅದು ಗ್ಯಾಸ್ ಮಾಸ್ಕ್.

5. ಗಾಯಗೊಂಡ ಮನಸ್ಸಿನ ಕವಿತೆಯಾಗಿ ಓದಿ

ಈಗ ಯುದ್ಧ ತಪ್ಪೋ ಸರಿಯೋ ಅನ್ನೋ ಪ್ರಶ್ನೆನೇ ಪಕ್ಕಕ್ಕಿಡಿ. ಪ್ರಶ್ನೆ ಇಷ್ಟೇ, ಕಂಡಿದ್ದನ್ನ ಮರೆಯೋಕಾಗದ ಮನಸ್ಸು ಹೇಗೆ ಮಾತಾಡತ್ತೆ? ಮಾಸ್ಕ್ ಹಾಕ್ಕೊಂಡಿದ್ದಕ್ಕೆ ಸ್ಪೀಕರ್ ಬದುಕಿದ, ಆದ್ರೆ ಅದೇ ಗಾಜಿನ ಹಿಂದೆ ನಿಂತು ಏನೂ ಮಾಡೋಕಾಗದೆ ನೋಡ್ದ. ಕನಸಲ್ಲಿ ಸಾಯೋನು ಇವನ ಕಡೆಗೇ ನುಗ್ಗಿ ಬರ್ತಾನೆ, ಅದರಲ್ಲಿ ಆರೋಪ ಇದೆ. ಅವನ ದೇಹವನ್ನ ವ್ಯಾಗನ್‌ಗೆ ಎಸೆದಿದ್ದು 'ನಾವು' ಅಂತ ಒಪ್ಕೊಳ್ಳೋ ಸಾಲನ್ನೂ ಇಲ್ಲೇ ಇಟ್ಟು ನೋಡಿ, ಎತ್ತಿ ಮಲಗಿಸಿದ್ವಿ ಅಂತ ಹೇಳಲ್ಲ, ಎಸೆದ್ವಿ ಅಂತಾನೆ. ಬದುಕುಳಿದವನ ಅಪರಾಧಿ ಭಾವ ಅಂತ ಇದನ್ನ ಕರೀತಾರೆ.

ಈ ಓದಿಗೆ ತುಂಬಾ ಜನ ಸೋಲ್ತಾರೆ, ಯಾಕಂದ್ರೆ ಕವಿಯ ಬದುಕು ಇದಕ್ಕೆ ಕೈ ಹಿಡಿದು ಕರ್ಕೊಂಡು ಹೋಗತ್ತೆ. ಆದ್ರೆ 'ಓವೆನ್‌ಗೆ ಶೆಲ್ ಶಾಕ್ ಇತ್ತು, ಅದಕ್ಕೆ ಹೀಗೆ ಬರೆದ' ಅಂತ ಮುಗಿಸಿದ್ರೆ ಕವಿತೆಯನ್ನ ರೋಗದ ಲಕ್ಷಣ ಮಾಡ್ಬಿಟ್ಟಂಗೆ. ಕೊನೇ 12 ಸಾಲು ಒಂದೇ ವಾಕ್ಯ ಅನ್ನೋದನ್ನ ಗಮನಿಸಿ, 'ನೋಡಿದ್ರೆ... ಕೇಳಿದ್ರೆ... ಹೇಳ್ತಿರಲಿಲ್ಲ' ಅಂತ ವಕೀಲನ ಥರ ಕಟ್ಟಿದ ವಾಕ್ಯ, ಹಿಡಿತ ಎಲ್ಲೂ ತಪ್ಪಿಲ್ಲ. ಒಂದು ಕರಡಿನಲ್ಲಿ ಅದೇ ಜಾಗದಲ್ಲಿ ಆ ಹುಡುಗನ ತಲೆಯನ್ನ ಗುಲಾಬಿ ಮೊಗ್ಗಿಗೆ ಹೋಲಿಸಿದ ಸಾಲುಗಳಿದ್ವು, ಅದನ್ನ ತೆಗೆದು ಕ್ಯಾನ್ಸರ್, ವಾಸಿಯಾಗದ ಹುಣ್ಣು ತಂದಿಟ್ಟ. ಏನು ತೆಗೀಬೇಕು, ಏನು ಇಡಬೇಕು ಅಂತ ಪೂರ್ತಿ ಎಚ್ಚರದಲ್ಲಿ ಮಾಡಿದ ಕೆಲಸ ಅದು.

6. ನಿಜಕ್ಕೂ ಯುದ್ಧವಿರೋಧಿನಾ? ಇದನ್ನ ಕೇಳದೆ ಬಿಡ್ಬೇಡಿ

ಎಲ್ಲರೂ ಹಣೆಪಟ್ಟಿ ಹಚ್ಚಿ ಮುಂದೆ ಹೋಗೋ ಜಾಗ ಇದು, ನನ್ನ ಪ್ರಕಾರ ಕವಿತೆ ಇಲ್ಲೇ ತೆರ್ಕೊಳ್ಳೋದು. 28 ಸಾಲಲ್ಲಿ ಎಲ್ಲಾದ್ರೂ 'ಯುದ್ಧ ಮಾಡ್ಬೇಡಿ' ಅಂತಿದ್ಯಾ? ಇಲ್ಲ. 'ಸೈನ್ಯ ಬಿಡಿ' ಅಂತಿದ್ಯಾ? ಅದೂ ಇಲ್ಲ. ಜರ್ಮನ್ನರ ಹೆಸರು ಕೂಡ ಬರಲ್ಲ. ಕವಿತೆ ಸುಳ್ಳು ಅಂತ ಕರೆಯೋದು ಯುದ್ಧವನ್ನಲ್ಲ, ಸಾವು ಸಿಹಿ ಅಂತ ಮಕ್ಕಳಿಗೆ ಹೇಳೋ ಮಾತನ್ನ. ಹಾಗಾದ್ರೆ ಇದು ಯುದ್ಧದ ವಿರುದ್ಧನಾ, ಯುದ್ಧದ ವೈಭವೀಕರಣದ ವಿರುದ್ಧ ಮಾತ್ರನಾ?

ಎರಡನೇದು ಅನ್ನೋರಿಗೆ ಓವೆನ್ ಬದುಕಲ್ಲಿ ಪುರಾವೆ ಸಿಗತ್ತೆ. ಆಸ್ಪತ್ರೆಯಿಂದ ಬಂದ್ಮೇಲೂ ಅವನು ಮತ್ತೆ ಮುಂಚೂಣಿಗೆ ಹೋದ, 1918ರ ಅಕ್ಟೋಬರ್ ಶುರುವಿನ ಕಾಳಗಕ್ಕೆ ಮಿಲಿಟರಿ ಕ್ರಾಸ್ ಪದಕ ಬಂತು. ಹುಡುಗ್ರಿಗೆ ಒಳ್ಳೇ ಅಧಿಕಾರಿಯಾಗಿ ನೆರವಾಗೋಕೆ, ಅವರ ಸಂಕಟ ಕಣ್ಣಾರೆ ಕಂಡು ಅವರ ಪರ ಮಾತಾಡೋಕೆ ನಾನಿಲ್ಲಿಗೆ ಬಂದೆ ಅನ್ನೋ ಅರ್ಥದಲ್ಲಿ ಆಗಲೇ ತಾಯಿಗೆ ಕಾಗದ ಬರೆದಿದ್ದ. ಮೊದಲನೇದು ಅನ್ನೋರಿಗೂ ಪುರಾವೆ ಉಂಟು, 1917ರ ಮೇ ತಿಂಗಳ ಕಾಗದದಲ್ಲಿ ತನ್ನನ್ನೇ ಆತ್ಮಸಾಕ್ಷಿ ಸುಟ್ಟುಹೋದ ಯುದ್ಧ ನಿರಾಕರಣೆಗಾರ ಅಂತ ಕರ್ಕೊಂಡಿದ್ದ. ಎರಡೂ ಅದೇ ಮನುಷ್ಯ. ಹಾಗಾಗಿ ಬದುಕಿನ ಪುರಾವೆ ಈ ಜಗಳ ಬಿಡಿಸಲ್ಲ, ಸಾಲಿಗೇ ವಾಪಸ್ ಬರ್ಬೇಕು.

ಸಾಲಲ್ಲಿ ನನಗೆ ಕಾಣೋದು ಹೀಗೆ. ವಾದದ ಮಟ್ಟದಲ್ಲಿ ಕವಿತೆ ವಿರೋಧಿಸ್ತಿರೋದು ಸುಳ್ಳನ್ನೇ, ಅದು ಒಪ್ಪತಕ್ಕದ್ದು. ಆದ್ರೆ ವ್ಯಾಗನ್ ಒಂದೊಂದ್ಸಲ ಕುಲುಕಿದಾಗ್ಲೂ ಶ್ವಾಸಕೋಶದಿಂದ ಗೊರಗೊರ ಅಂತ ರಕ್ತ ಬರೋ ಸದ್ದನ್ನ ಕೇಳಿಸಿದ ಮೇಲೆ, 'ಸರಿ, ಸುಳ್ಳು ಹೇಳದೆ ಯುದ್ಧ ಮಾಡೋಣ' ಅಂತ ಹೇಳೋ ಧೈರ್ಯ ಯಾವ ಓದುಗನಿಗೂ ಉಳಿಯಲ್ಲ. ವಾದ ನಿಲ್ಲೋ ಜಾಗಕ್ಕಿಂತ ಚಿತ್ರ ಮುಂದೆ ಹೋಗತ್ತೆ. ನೀವು ಇದನ್ನ ಒಪ್ಪದೇ ಇರಬಹುದು, ಒಪ್ಪದಿದ್ರೆ ಯಾವ ಸಾಲಿನಿಂದ ಒಪ್ಪಲ್ಲ ಅಂತ ಬರ್ಕೊಳ್ಳಿ, ಅದೇ ನಿಮ್ಮ ಓದು.

ಇನ್ನೊಂದು ಆಕ್ಷೇಪನೂ ತಿಳಿದಿರಲಿ. ಐರಿಷ್ ಕವಿ ಡಬ್ಲ್ಯು. ಬಿ. ಯೇಟ್ಸ್ 1936ರಲ್ಲಿ ಆಧುನಿಕ ಕವಿತೆಗಳ ಸಂಕಲನ ಮಾಡಿದಾಗ ಓವೆನ್‌ನ ಬಿಟ್ಬಿಟ್ರು, ಸುಮ್ನೆ ಅನುಭವಿಸೋ ನೋವು ಕಾವ್ಯದ ವಸ್ತು ಅಲ್ಲ ಅನ್ನೋದು ಅವರ ವಾದ. ಓವೆನ್ ತನ್ನ ಪುಸ್ತಕಕ್ಕೆ ಅಂತ ಬರೆದಿಟ್ಟಿದ್ದ ಮುನ್ನುಡಿ ಇದಕ್ಕೆ ನೇರ ಎದುರು ನಿಲ್ಲತ್ತೆ, ನನ್ನ ವಸ್ತು ಯುದ್ಧ ಮತ್ತು ಯುದ್ಧದ ಮರುಕ, ಕಾವ್ಯ ಇರೋದು ಆ ಮರುಕದಲ್ಲೇ ಅಂತ.

7. ಕವಿತೇಲಿ ಯಾರಿಲ್ಲ ಅಂತ ಹುಡುಕಿ

ಕವಿತೆ ಏನು ಹೇಳಿಲ್ಲ ಅಂತ ಕೇಳೋದೂ ಒಂದು ಓದು. ಮೊದ್ಲು ಹೆಂಗಸರು. ಕರಡಿನಲ್ಲಿ ಗುರಿಯಾಗಿದ್ದು ಒಬ್ಬ ಹೆಂಗಸು, ಸೈನಿಕರ ಕೆಮ್ಮಿಗೂ ಹೋಲಿಕೆ ಮಾಟಗಾತಿಯಂಥ ಮುದುಕಿಯರದ್ದು. ಆದ್ರೆ ಯುದ್ಧದ ಪರ ಬರೆದವರು ಜೆಸ್ಸಿ ಪೋಪ್ ಒಬ್ಬರೇನಾ? 1914ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಪ್ರಚಾರಕ್ಕೆ ಅಂತ ಲೇಖಕರ ಸಭೆ ಕರೆದಾಗ ಅಲ್ಲಿ ಆರ್ಥರ್ ಕಾನನ್ ಡಾಯ್ಲ್, ಎಚ್. ಜಿ. ವೆಲ್ಸ್, ಥಾಮಸ್ ಹಾರ್ಡಿ ಎಲ್ಲಾ ಇದ್ರು. ಒಬ್ಬ ಕವಯಿತ್ರಿ ಮೇಲೆ ಎಲ್ಲಾ ಭಾರ ಹೊರಿಸೋದು ನ್ಯಾಯನಾ ಅಂತ ಕೇಳೋ ಸ್ತ್ರೀವಾದಿ ಓದಿಗೆ ಇಲ್ಲಿ ಗಟ್ಟಿ ನೆಲ ಇದೆ.

ಆಮೇಲೆ ನಮ್ಮವರು. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಹೋಗಿದ್ರು. ಈಪ್ರ್‌ನಲ್ಲಿ ಮೊದಲ ಕ್ಲೋರಿನ್ ದಾಳಿ ಆಗಿ ನಾಲ್ಕೇ ದಿನಕ್ಕೆ, 1915ರ ಏಪ್ರಿಲ್ 26ರಂದು, ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಅಲ್ಲೇ ಪ್ರತಿದಾಳಿ ಮಾಡ್ತು, ಗ್ಯಾಸ್ ಕುಡಿದೂ ಹೋರಾಡಿದ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಬಂತು. ಓವೆನ್ ಸಾಯೋದಕ್ಕೆ ಆರು ವಾರ ಮುಂಚೆ, 1918ರ ಸೆಪ್ಟೆಂಬರ್ 23ಕ್ಕೆ, ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಸೇರಿ ಕುದುರೆ ಮೇಲೆ ನುಗ್ಗಿ ಈಗಿನ ಇಸ್ರೇಲ್‌ನಲ್ಲಿರೋ ಹೈಫಾ ಗೆದ್ರು. ಈಗ ಹೊರೇಸ್ ಸಾಲನ್ನ ಮತ್ತೆ ಓದಿ. ದೇಶಕ್ಕಾಗಿ ಸಾಯೋದು ಅಂತೀರಲ್ಲ, ಇವರಿಗೆ ಯಾವ ದೇಶ? ಪಂಜಾಬಿನ ರೈತನಿಗೆ, ಮೈಸೂರಿನ ಕುದುರೆ ಸವಾರನಿಗೆ ಆ 'ದೇಶ' ಲಂಡನ್ನಾ, ಮಹಾರಾಜರಾ, ಊರಲ್ಲಿ ಬಿಟ್ಟುಬಂದ ಮನೆಯಾ? ಓವೆನ್ ಈ ಪ್ರಶ್ನೆ ಕೇಳಿಲ್ಲ, ಆದ್ರೆ ಆ ಹಳೇ ಸುಳ್ಳು ಅನ್ನೋ ಮಾತು ಇಲ್ಲಿ ಇನ್ನೂ ಜೋರಾಗಿ ತಾಗತ್ತೆ. ವಸಾಹತೋತ್ತರ ಓದು (ಆಳಿಸಿಕೊಂಡವರ ಕಡೆಯಿಂದ ಓದೋದು) ಅಂತ ಸಿಲಬಸ್‌ನಲ್ಲಿ ಇರೋದು ಇದೇ.

ಓವೆನ್‌ಗೂ ನಮಗೂ ನೇರ ಸಂಬಂಧ ಬೇಕು ಅನ್ನೋರಿಗೆ ಒಂದು ವಿಷಯ ಇದೆ. 1920ರಲ್ಲಿ ಅವನ ತಾಯಿ ಸೂಸನ್ ಓವೆನ್ ರವೀಂದ್ರನಾಥ ಟಾಗೋರರಿಗೆ ಕಾಗದ ಬರೆದ್ರು. ಮಗ ಕೊನೇ ಸಲ ಹೊರಡುವಾಗ ಗೀತಾಂಜಲಿಯ ಬೀಳ್ಕೊಡುಗೆ ಸಾಲುಗಳನ್ನ ಹೇಳಿದ್ದ, ಅವನ ಪಾಕೆಟ್ ಬುಕ್ ವಾಪಸ್ ಬಂದಾಗ ಅದರಲ್ಲಿ ಅವನ ಕೈಬರಹದಲ್ಲಿ ಅವೇ ಸಾಲು, ಕೆಳಗೆ ಟಾಗೋರರ ಹೆಸರು ಇತ್ತು ಅಂತ. ಇದನ್ನ ಉತ್ರದಲ್ಲಿ ಬಳಸೋದಾದ್ರೆ ಹುಷಾರಾಗಿ ಬಳಸಿ, ಇದು ಕವಿಯ ಬಗ್ಗೆ ಮಾಹಿತಿ, ಈ ಕವಿತೆಯ ಸಾಲಿಗೆ ಪುರಾವೆ ಅಲ್ಲ.

8. ನೀವು ನಿಂತಿರೋ ಜಾಗದಿಂದ ಓದಿ

ಕನ್ನಡ ಓದುಗರಿಗೆ ಇಲ್ಲೊಂದು ಅನುಕೂಲ ಇದೆ, ಯಾಕೆ ಯಾರೂ ಬಳಸ್ಕೊಳ್ಳಲ್ವೋ ಗೊತ್ತಿಲ್ಲ. ನಮ್ಮೂರ ವೀರಗಲ್ಲುಗಳ ಮೇಲೆ ಎಷ್ಟೋ ಕಡೆ ಕೆತ್ತಿರೋ ಶ್ಲೋಕ ನೆನೆಸ್ಕೊಳ್ಳಿ: ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ. ಗೆದ್ರೆ ಸಂಪತ್ತು, ಸತ್ರೆ ಅಪ್ಸರೆ, ಕ್ಷಣದಲ್ಲಿ ಹೋಗೋ ಈ ದೇಹಕ್ಕೆ ಯುದ್ಧದಲ್ಲಿ ಸಾಯೋ ಚಿಂತೆ ಯಾಕೆ ಅಂತ. ಹೊರೇಸ್ ಹೇಳಿದ್ದೂ ಹತ್ರ ಹತ್ರ ಇದೇ ತಾನೇ. ವೀರಗಲ್ಲಿನ ಕೆಳಗಿನ ಪಟ್ಟೀಲಿ ಕಾಳಗ, ಮಧ್ಯದಲ್ಲಿ ಸತ್ತವನನ್ನ ಅಪ್ಸರೆಯರು ಕರ್ಕೊಂಡು ಹೋಗ್ತಿರೋದು, ಮೇಲೆ ದೇವರ ಸನ್ನಿಧಿ. ಆ ಮಧ್ಯದ ಪಟ್ಟೀನ ಓವೆನ್ ಕವಿತೆ ಪಕ್ಕ ಇಟ್ಟು ನೋಡಿ. ಇಲ್ಲಿ ಸತ್ತವನನ್ನ ಒಯ್ಯೋದು ವ್ಯಾಗನ್, ಅವನ ಮುಖ ಪಾಪ ಮಾಡಿ ಮಾಡಿ ಪಾಪವೇ ಹೇಸಿಗೆ ಆಗಿರೋ ದೆವ್ವದ ಮುಖದ ಥರ ಜೋತುಬಿದ್ದಿದೆ, ಸ್ವರ್ಗ ಎಲ್ಲೂ ಇಲ್ಲ.

ಆದ್ರೆ ಎರಡನ್ನೂ ಒಂದೇ ತಕ್ಕಡೀಲಿ ತೂಗಿ 'ನಮ್ಮ ವೀರಗಲ್ಲೂ ಸುಳ್ಳೇ' ಅಂತ ಬರೆದ್ರೆ ಅದು ಅವಸರದ ಮಾತಾಗತ್ತೆ. ಎಷ್ಟೋ ವೀರಗಲ್ಲು ಊರಿನ ದನ ಬಿಡಿಸೋಕೆ, ಹೆಣ್ಣುಮಕ್ಕಳ ಮಾನ ಕಾಯೋಕೆ ಹೋಗಿ ಸತ್ತವನ ನೆನಪಿಗೆ ಊರವರು ನಿಲ್ಲಿಸಿದ್ದು, ಸತ್ತವನು ಯಾರು ಅಂತ ಅವರಿಗೆ ಗೊತ್ತಿತ್ತು. ಓವೆನ್ ಕವಿತೇಲಿ ಸಾಯೋನಿಗೆ ಹೆಸರೇ ಇಲ್ಲ, 'ಯಾರೋ' ಅಂತ ಶುರುವಾಗಿ ಅನಾಮಿಕನಾಗೇ ಮುಗೀತಾನೆ. ಈ ವ್ಯತ್ಯಾಸ ಗುರುತಿಸಿದ್ರೆ ನಿಮ್ಮ ಹೋಲಿಕೆಗೆ ತೂಕ ಬರತ್ತೆ.

ಹೊರೇಸ್‌ಗೂ ಅಷ್ಟೇ ನ್ಯಾಯ ಸಲ್ಲಬೇಕು. ಅವನು ಯುದ್ಧ ನೋಡದೇ ಬರೆದವನಲ್ಲ, ರೋಮನ್ನರ ಅಂತರ್ಯುದ್ಧದ ಫಿಲಿಪ್ಪಿ ಕದನದಲ್ಲಿದ್ದ, ಗುರಾಣಿ ಬಿಟ್ಟು ಓಡಿಬಂದೆ ಅಂತ ಇನ್ನೊಂದು ಕವಿತೇಲಿ ತಾನೇ ಹೇಳ್ಕೊಂಡಿದಾನೆ. ಆ ಪ್ರಸಿದ್ಧ ಸಾಲಿನ ಹಿಂದೆಯೇ ಓಡಿಹೋಗೋನನ್ನೂ ಸಾವು ಬೆನ್ನಟ್ಟತ್ತೆ ಅನ್ನೋ ಸಾಲು ಬರತ್ತೆ. ಗೋಡೆ ಮೇಲೆ ಕೆತ್ತಿಸೋರು ಅರ್ಧ ಮಾತ್ರ ತಗೊಂಡ್ರು.

9. ನಿಮ್ಮ ಓದನ್ನ ಪರೀಕ್ಷೆ ಮಾಡಿ

ಒಂದು ಓದು ಆರಿಸ್ಕೊಂಡ್ರಿ ಅಂದ್ಕೊಳ್ಳಿ. ಈಗ ಅದಕ್ಕೆ ಒಪ್ಪೋ ಸಾಲು ಹುಡುಕೋದು ನಿಲ್ಲಿಸಿ, ಅದಕ್ಕೆ ಅಡ್ಡ ಬರೋ ಸಾಲು ಹುಡುಕಿ. ಇದೊಂದು ಅಭ್ಯಾಸ ಮಾಡ್ಕೊಂಡ್ರೆ ಉಳಿದಿದ್ದೆಲ್ಲಾ ತಾನಾಗೇ ಸರಿಹೋಗತ್ತೆ. ಆಘಾತದ ಓದಿಗೆ ಕೊನೆಯ ಆ ಬಿಗಿ ವಾಕ್ಯ ಅಡ್ಡ. ಪ್ರಚಾರದ ವಿರುದ್ಧದ ವಾದ ಅನ್ನೋ ಓದಿಗೆ ಮಧ್ಯದ ಎರಡು ಸಾಲಿನ ಕನಸು ಅಡ್ಡ, ಅಲ್ಲಿ ಯಾರನ್ನೂ ಒಪ್ಪಿಸೋ ಉದ್ದೇಶ ಇಲ್ಲ, ಅವನು ತನ್ನಷ್ಟಕ್ಕೇ ನರಳ್ತಿದಾನೆ. ಶಾಂತಿವಾದದ ಓದಿಗೆ ಯುದ್ಧ ನಿಲ್ಲಿಸಿ ಅನ್ನೋ ಮಾತೇ ಇಲ್ಲದಿರೋದು ಅಡ್ಡ. ಅಡ್ಡ ಬರೋ ಸಾಲಿಗೆ ನಿಮ್ಮ ಓದು ಏನು ಹೇಳತ್ತೆ? ಸಮಾಧಾನ ಕೊಡೋ ಉತ್ರ ಇದ್ರೆ ಓದು ನಿಲ್ಲತ್ತೆ, ಇಲ್ದಿದ್ರೆ ಸ್ವಲ್ಪ ತಿದ್ದಿ. ಯಾವ ಸಾಲೂ ಅಡ್ಡ ಬರ್ತಿಲ್ಲ ಅಂದ್ರೆ ಬಹುಶಃ ನಿಮ್ಮ ಹೇಳಿಕೆ ತೀರಾ ಸಾಮಾನ್ಯದ್ದಾಗಿದೆ, 'ಯುದ್ಧ ಭೀಕರ' ಅಂತೇನೋ.

10. ಬರೆಯೋವಾಗ

ಎಲ್ಲಾ ಓದುಗಳನ್ನೂ ಒಂದೇ ಉತ್ರದಲ್ಲಿ ತುರುಕ್ಬೇಡಿ. ಎರಡು ಸಾಕು, ಒಂದಕ್ಕೊಂದು ಸ್ವಲ್ಪ ಜಗಳ ಆಡೋ ಎರಡು. ಮೊದಲ ಪ್ಯಾರಾದಲ್ಲೇ ನಿಮ್ಮ ಪ್ರಶ್ನೆ ಹೇಳ್ಬಿಡಿ, ಕವಿಯ ಹುಟ್ಟೂರು, ಹುಟ್ಟಿದ ದಿನದಿಂದ ಶುರು ಮಾಡ್ಬೇಡಿ. ಒಂದೊಂದು ಮಾತಿಗೂ ಒಂದು ಪದ ಅಥವಾ ಸಾಲು ಎತ್ತಿ ತೋರಿಸಿ, ಚಿಕ್ಕದಾಗಿ, ನಾಲ್ಕು ಸಾಲು ಪೂರ್ತಿ ಇಳಿಸೋ ಅಗತ್ಯ ಇಲ್ಲ. 'ಓವೆನ್ ಹೇಳ್ತಾನೆ' ಅನ್ನೋ ಬದ್ಲು 'ಸ್ಪೀಕರ್ ಹೇಳ್ತಾನೆ' ಅಂತ ಬರೀರಿ, ಕಾಗದದ ಮಾತು ತಂದಾಗ ಮಾತ್ರ ಓವೆನ್ ಹೆಸರು ಹಾಕಿ. ಕೊನೇಲಿ ಎರಡರಲ್ಲಿ ನಿಮಗೆ ಯಾವುದು ಹೆಚ್ಚು ಒಪ್ಪಿಗೆ, ಯಾವ ಸಾಲಿನ ಕಾರಣಕ್ಕೆ ಅಂತ ಹೇಳಿ. 'ಎರಡೂ ಸರಿಯೇ' ಅಂತ ತಪ್ಪಿಸ್ಕೊಂಡ್ರೆ ಓದೋರಿಗೆ ತಕ್ಷಣ ಗೊತ್ತಾಗತ್ತೆ.

ಕೈ ಪಳಗೋಕೆ ಇದೇ ಹಂತಗಳನ್ನ ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್ 1914ರಲ್ಲಿ ಬರೆದ 'ದ ಸೋಲ್ಜರ್' ಸಾನೆಟ್ ಮೇಲೆ ಮಾಡಿ ನೋಡಿ. ಅದು ದೇಶಕ್ಕಾಗಿ ಸಾಯೋದನ್ನ ನಿಜಕ್ಕೂ ಸಿಹಿ ಅಂತ ನಂಬಿ ಬರೆದ ಕವಿತೆ. 2ನೇ ಹಂತದಿಂದ ಶುರು ಮಾಡಿ, ಅಲ್ಲಿ 'ನೀವು' ಯಾರು ಅಂತ.